ಕರೆಂಟು ಹೋದಾಗ ಫೋನ್ ಮಾಡಿದವರು

ಈಗ ಗಾಳಿಮಳೆ ಬಂದರೆ ನಾನು ಜಗಲಿಯ ಮೇಲೆ ಕಾಲು ಚಾಚಿ ಕೂತು ನೋಡುತ್ತೇನೆ. ಮಿಂಚಿದರೆ ಮಿಂಚಲಿ, ತೆಂಗಿನ ಗರಿ ತಂತಿಯ ಮೇಲೆ ಬಿದ್ದರೆ ಬೀಳಲಿ. ಕರೆಂಟು ಹೋದ ಕೂಡಲೇ ಒಳಗಿನಿಂದ ಹೆಂಡತಿ, "ಯಾರಿಗಾದ್ರೂ ಫೋನ್ ಮಾಡ್ರೀ, ನಿಮ್ ಡಿಪಾರ್ಟ್‌ಮೆಂಟ್ ಅಲ್ವಾ" ಅನ್ನುತ್ತಾಳೆ. ನಾನು ಮಾಡುವುದಿಲ್ಲ. ಆ ಕಡೆ ಫೋನ್ ಪಕ್ಕ ಕೂತಿರುವವನ ಪಾಡು ನನಗೆ ಗೊತ್ತು. ಅವಳೇ ಮಾಡುತ್ತಾಳೆ, ಚೆನ್ನಾಗಿ ಬೈಯುತ್ತಾಳೆ, ಆಮೇಲೆ ನನ್ನ ಮುಖ ನೋಡಿ ನಗುತ್ತಾಳೆ.

ನಾನು ಸ್ಟೇಷನ್ ಆಪರೇಟರ್ ಆಗಿದ್ದವನು. ಸ್ಟೇಷನ್ ಎಂದರೆ ಪೊಲೀಸರದ್ದಲ್ಲ, ರೈಲಿನದೂ ಅಲ್ಲ. ದೊಡ್ಡ ಟವರ್ ಲೈನಿನಲ್ಲಿ ಬರುವ ಕರೆಂಟನ್ನು ಇಳಿಸಿ ಊರೂರಿಗೆ ಹಂಚುವ ಜಾಗ. ಕೆ.ಆರ್. ನಗರದ ಭತ್ತದ ಬಯಲಲ್ಲಿ ಶುರುಮಾಡಿ, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಸೀಮೆ ದಾಟಿ, ಕೊನೆಗೆ ಹನಗೋಡಿನ ಕಡೆ ಕಾಡಂಚಿನ ಒಂದು ಸ್ಟೇಷನ್ನಿನಲ್ಲಿ ಮುಗಿಸಿದೆ. ಯಾವಾಗ ಯಾವ ಪ್ರಮೋಷನ್ ಬಂತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಮಾವನವರೊಬ್ಬರಿಗೆ ಮಾತ್ರ ಆಸಕ್ತಿಯ ವಿಷಯವಾಗಿತ್ತು.

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ಸಿಕ್ಕಿ, "ಅಂಕಲ್, ಕೆಲಸ ಹೆಂಗಿರುತ್ತೆ?" ಎಂದು ಕೇಳುತ್ತಾರೆ. ಮೀಟರ್ ಓದುವುದು, ಸ್ವಿಚ್ ಹಾಕುವುದು ತೆಗೆಯುವುದು, ಇದನ್ನೆಲ್ಲ ಟ್ರೇನಿಂಗಿನಲ್ಲಿ ಹೇಳಿಕೊಡುತ್ತಾರೆ. ಹೇಳಿಕೊಡದ ಸಂಗತಿ ಒಂದಿದೆ. ನೀವು ಕೂತ ಕುರ್ಚಿಯಿಂದ ಏಳದೆ ಒಬ್ಬ ಮನುಷ್ಯನನ್ನು ಕೊಲ್ಲಬಹುದು. ಎಲ್ಲೋ ದೂರದಲ್ಲಿ ಅವನು ಕಂಬದ ಮೇಲಿರುತ್ತಾನೆ, ಇಲ್ಲಿ ನೀವು ಲೈನಿಗೆ ಕರೆಂಟು ಬಿಡುತ್ತೀರಿ, ಅಷ್ಟೇ. ನಾನು ಕೆಲಸ ಮಾಡಿದಷ್ಟು ಕಾಲವೂ ಹೆದರಿದ್ದು ಅದೊಂದಕ್ಕೇ. ನನ್ನ ಕೈಯಿಂದ ಅದು ಆಗಲಿಲ್ಲ. ಬೀಳ್ಕೊಡುಗೆಯ ದಿನ ಹಾರ, ಪೇಟ, ಹಣ್ಣಿನ ಬುಟ್ಟಿ ಎಲ್ಲ ಕೊಟ್ಟರು. ನನಗೆ ಅವೆಲ್ಲಕ್ಕಿಂತ ಹೆಚ್ಚು ಸಮಾಧಾನ ಕೊಟ್ಟದ್ದು ಈ ಮಾತು. ಆಗಲಿಲ್ಲ ಎಂದೆ. ಒಂದು ಸಲ ಆಗುವುದರಲ್ಲಿತ್ತು. ಅದನ್ನೂ ಹೇಳುತ್ತೇನೆ.

ಮೊದಲು ಕೆ.ಆರ್. ನಗರದ ಪಕ್ಕದ ಚುಂಚನಕಟ್ಟೆಯಲ್ಲಿದ್ದ ದಿನಗಳು. ಆಗ ನಮ್ಮ ಸ್ಟೇಷನ್ನಿಗೆ ಫೋನ್ ಮಾಡುತ್ತಿದ್ದವರು ಇಬ್ಬರೋ ಮೂವರೋ. ಅಕ್ಕಿ ಗಿರಣಿಯವರು, ಡಾಕ್ಟರು, ಒಬ್ಬರು ದೊಡ್ಡ ಗೌಡರು. ಇಡೀ ಹೋಬಳಿಗೆ ಕತ್ತಲು ಕವಿದಿದ್ದರೂ ಫೋನಿನಲ್ಲಿ ಬರುವ ಮಾತು, "ನಮ್ಮನೇಲಿ ಲೈಟಿಲ್ಲ ಕಣಯ್ಯಾ." ಗೌಡರ ಮನೆಗೆ ಬೆಳಕು ಬಂತು ಎಂದರೆ ಊರಿಗೆ ಬಂದಂತೆ. ಊರಾಚೆ ಕಾಲೋನಿಗೆ ಬಂತೋ ಇಲ್ಲವೋ ತಿಳಿಯುತ್ತಿದ್ದುದು, ಲೈನ್‌ಮನ್ ಸೈಕಲ್ ತುಳಿದುಕೊಂಡು ಆ ದಾರಿಯಲ್ಲಿ ಹೋದರೆ ಮಾತ್ರ.

ಒಂದು ನಾಟಿ ಸಮಯದಲ್ಲಿ ಎಲ್ಲರೂ ಪಂಪು ಹಾಕಿ ಟ್ರಾನ್ಸ್‌ಫಾರ್ಮರಿಗೆ ತಡೆಯಲಾಗದಷ್ಟು ಭಾರ ಬಿತ್ತು. ಗೌಡರು ಫೋನ್ ಮಾಡಿ, "ಕಾಲೋನಿ ಫ್ಯೂಸ್ ತೆಗ್ಸಯ್ಯಾ ಅತ್ಲಾಗೆ. ಅವ್ರಿಗೇನು, ಹೊತ್ತು ಮುಳುಗ್ತಲೇ ಮಲೀಕತಾರೆ" ಅಂದರು. ನಾನು ಹೊಸಬ. ಏನು ಹೇಳಲಿ ಎಂದು ತಡವರಿಸುತ್ತಿದ್ದೆ. ನಮ್ಮ ಸೆಕ್ಷನ್ ಆಫೀಸರು, ಕನ್ನಡಕದ ಮೇಲಿಂದ ನೋಡುವ ಒಣಕಲು ಮನುಷ್ಯ, ರಿಸೀವರ್ ಕಿತ್ತುಕೊಂಡರು. "ಗೌಡ್ರೇ, ನಿಮ್ ಫ್ಯೂಸೂ ಅವ್ರ ಫ್ಯೂಸೂ ಒಂದೇ ಪೆಟ್ಟಿಗೇಲವೆ. ಕತ್ಲಲ್ಲಿ ನಮ್ ಲೈನ್‌ಮನ್ ಕೈಗೆ ಯಾವುದು ಬತ್ತದೋ ನಾನು ಹೇಳಕ್ಕಾಗಕಿಲ್ಲ. ತೆಗ್ಸಲಾ?" ಆ ಕಡೆಯಿಂದ, "ಬ್ಯಾಡ ಬುಡಿ" ಎಂದು ಫೋನ್ ಇಟ್ಟ ಸದ್ದು. ಸಾಹೇಬರು ಏನೂ ಆಗದವರಂತೆ ಚಹಾ ತರಿಸಿದರು.

ಲೈನ್ ಕ್ಲಿಯರಿನ ಪಾಠ ಹೇಳಿಕೊಟ್ಟವರೂ ಅವರೇ. ಕಂಬ ಹತ್ತುವವನು ಮೊದಲು ಸ್ಟೇಷನ್ನಿಗೆ ಹೇಳಿ ಲೈನಿನ ಕರೆಂಟು ತೆಗೆಸಿಕೊಳ್ಳಬೇಕು. ಅದಕ್ಕೆ ಲೈನ್ ಕ್ಲಿಯರ್ ತೆಗೆದುಕೊಳ್ಳುವುದು ಅನ್ನುತ್ತೇವೆ. ಕೆಲಸ ಮುಗಿಸಿ ಇಳಿದ ಮೇಲೆ ಅದನ್ನು ವಾಪಸ್ಸು ಕೊಡಬೇಕು. ತೆಗೆದುಕೊಂಡವನೇ, ಅವನ ಬಾಯಲ್ಲೇ ವಾಪಸ್ಸು ಕೊಡಬೇಕು. ಹೆಂಡತಿ ಹೇಳಿದರೆ ಆಗದು, ಇಂಜಿನಿಯರ್ ಹೇಳಿದರೂ ಆಗದು. "ಮಿನಿಸ್ಟ್ರೇ ಬಂದು ನಿನ್ ಮುಂದೆ ಕೈಮುಗುದ್ರೂ ಸ್ವಿಚ್ ಮುಟ್ಟಬ್ಯಾಡ. ಹತ್ತಿದವನ ದನಿ ಕೇಳ್ಬೇಕು" ಎಂದಿದ್ದರು. ಅದನ್ನು ನಾನು ಕೊನೆಯವರೆಗೂ ಮೀರಲಿಲ್ಲ.

ಎಲ್ಲ ಮೇಲಧಿಕಾರಿಗಳೂ ಅವರಂತೆಯೇ ಇರುತ್ತಾರೆ ಎಂದುಕೊಳ್ಳಬೇಡಿ. ಪಿರಿಯಾಪಟ್ಟಣದ ಕಡೆ ನಮಗೊಬ್ಬ ಹೊಸ ಇಂಜಿನಿಯರ್ ಸಾಹೇಬರು ಬಂದರು. ಒಳ್ಳೆಯವರು, ಆದರೆ ಉತ್ಸಾಹ ಸ್ವಲ್ಪ ಜಾಸ್ತಿ. ಆಯುಧಪೂಜೆಗೆ ನಾವು ಪ್ಯಾನಲ್ಲುಗಳಿಗೆ ಕುಂಕುಮ ಇಟ್ಟು, ಹೂ ಮುಡಿಸಿ, ಬೂದುಗುಂಬಳ ಒಡೆದು ಮುಗಿಸುತ್ತಿದ್ದೆವು. ಅವರಿಗೆ ಅದು ಸಪ್ಪೆ ಎನಿಸಿತು. ಮದುವೆ ಮನೆಗೆ ಕಟ್ಟುವ ಮಿರಮಿರ ಮಿಂಚುವ ಜರಿಕಾಗದದ ಸರಗಳನ್ನು ಹುಣಸೂರಿನಿಂದ ತರಿಸಿ, ಟ್ರಾನ್ಸ್‌ಫಾರ್ಮರುಗಳಿರುವ ಯಾರ್ಡಿನ ಬೇಲಿಗೆಲ್ಲ ಕಟ್ಟಿಸಿದರು. "ಸಾರ್, ಗಾಳಿ ಬೀಸ್ತದೆ" ಎಂದೆ. "ಲಕ್ಷಣವಾಗಿದೆ ಬಿಡ್ರೀ" ಎಂದರು. ಮಂಗಳಾರತಿ ಎತ್ತುವ ಹೊತ್ತಿಗೆ ಸರಿಯಾಗಿ ಗಾಳಿ ಬೀಸಿತು. ಒಂದು ಸರ ಕಿತ್ತುಕೊಂಡು ಹೋಗಿ ಮೇಲಿನ ತಂತಿಗೆ ತಾಗಿತು. ಢಮಾರ್ ಎಂಬ ಸದ್ದಿಗೆ ಪೂಜಾರಿ ತಟ್ಟೆ ಬಿಟ್ಟು ಓಡಿದರು. ತಾಲ್ಲೂಕಿನ ಅರ್ಧದಷ್ಟು ಊರುಗಳು ಹಬ್ಬದ ದಿನವೇ ಕತ್ತಲಾದವು. ಸಾಹೇಬರು ಕೈಯಲ್ಲಿ ಹಿಡಿದ ಕರ್ಪೂರವನ್ನೇ ನೋಡುತ್ತಾ ನಿಂತುಬಿಟ್ಟರು. ಯಾರಿಗೂ ಏನೂ ಆಗಲಿಲ್ಲವಾದ್ದರಿಂದ ಈಗಲೂ ನೆನೆಸಿಕೊಂಡು ನಗಬಹುದು.

ಆಮೇಲೆ ಮೊಬೈಲು ಬಂತು. ಅಲ್ಲಿಂದ ನನ್ನ ನೆಮ್ಮದಿ ಹೋಯಿತು. ಕರೆಂಟು ಹೋದ ಕ್ಷಣದಲ್ಲಿ ಸ್ಟೇಷನ್ನಿನ ಎರಡು ಫೋನುಗಳೂ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಶುಂಠಿ ಬೆಳೆಯಲು ಗಡಿ ದಾಟಿ ಬಂದವರು ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಸ್ಪ್ರಿಂಕ್ಲರ್ ನಿಂತ ಸುದ್ದಿ ಹೇಳುವರು. ರೆಸಾರ್ಟಿನ ಮ್ಯಾನೇಜರು, ಫಾರಿನ್ನಿನ ಅತಿಥಿಗಳು ಸೆಕೆಯಲ್ಲಿ ಬೇಯುತ್ತಿದ್ದಾರೆ ಎಂದು ನಯವಾಗಿ ಹೆದರಿಸುವರು. ಹೆಂಗಸರೂ ಫೋನ್ ಮಾಡತೊಡಗಿದರು. "ರುಬ್ಬಕ್ ಹಾಕಿದ್ದೆ ಕಣ್ರೀ, ದೋಸೆ ಇಟ್ಟು ಅರ್ಧಕ್ಕೇ ನಿಂತದೆ, ನೀವ್ ಬಂದ್ ಆಡುಸ್ಕೊಡ್ತೀರಾ?" ಎಂದು ಒಬ್ಬಾಕೆ ಕೇಳಿದ್ದಳು. ಚುನಾವಣೆ ಹತ್ತಿರ ಬಂದರೆ ಮೇಲಿನಿಂದ ಫೋನು, "ಓಟು ಮುಗಿಯೋವರೆಗೂ ಎಲ್ಲೂ ಲೈನ್ ಟ್ರಿಪ್ ಆಗಿ ಕರೆಂಟ್ ಹೋಗಬಾರದು." ಗಾಳಿಗೂ ಮಳೆಗೂ ನೀತಿ ಸಂಹಿತೆ ಜಾರಿಯಾಗಿದೆ ಎಂಬಂತೆ.

ಪಂಚಾಯಿತಿಯ ಅಧ್ಯಕ್ಷರ ಫೋನು ಅಂತೂ ಮರೆಯುವಂಥದ್ದಲ್ಲ. ಹನಗೋಡಿನ ಕಡೆ ರತ್ನಮ್ಮ ಎಂಬ ಕಾಲೋನಿಯ ಹೆಣ್ಣುಮಗಳು ಅಧ್ಯಕ್ಷೆಯಾಗಿದ್ದರು. ಫೋನಿನಲ್ಲಿ ಮಾತ್ರ ಗಡಸು ಗಂಡು ದನಿ, "ನಾನು ಅಧ್ಯಕ್ಷರು ಮಾತಾಡ್ತಿರಾದು." ನಾನು ಬೇಕೆಂದೇ, "ಅಧ್ಯಕ್ಷರು ರತ್ನಮ್ಮನೋರಲ್ವಾ?" ಎಂದು ಕೇಳಿದೆ. "ನಾನೇ ರತ್ನಮ್ಮ ಅನ್ಕಳಿ" ಎಂದ ಅವರ ಯಜಮಾನ. ಒಂದಷ್ಟು ತಿಂಗಳಾದ ಮೇಲೆ ನಿಜವಾದ ರತ್ನಮ್ಮನ ಫೋನೇ ಬಂತು. "ಇನ್ಮೇಲೆ ನಾನೇ ಮಾಡ್ತೀನಿ ಸಾರ್. ಅವ್ರು ಮಾಡುದ್ರೆ ಮಾತಾಡಬ್ಯಾಡಿ." ಅವರು ಕೇಳಿದ್ದು ತಮ್ಮ ಮನೆಯ ಬೆಳಕನ್ನಲ್ಲ, ಊರಿನ ಕುಡಿಯುವ ನೀರಿನ ಮೋಟರಿಗೆ ಸರಿಯಾದ ಕರೆಂಟನ್ನು. ನನಗೆ ಒಳಗೊಳಗೇ ಮೆಚ್ಚಿಗೆಯಾಯಿತು. ಆದರೆ ಮರುತಿಂಗಳೇ ಆ ಪುಣ್ಯಾತ್ಗಿತ್ತಿ ಪಂಚಾಯಿತಿಯ ಎಲ್ಲ ಶಾಲೆ, ಅಂಗನವಾಡಿಗಳ ಗೋಡೆಯ ಮೇಲೆ ನಮ್ಮ ಸ್ಟೇಷನ್ನಿನ ಫೋನ್ ನಂಬರು ಬರೆಸಿದರು. ಅದೂ ಆಳುದ್ದದ ಅಕ್ಷರದಲ್ಲಿ. ನನ್ನ ಮೆಚ್ಚಿಗೆಯೆಲ್ಲ ಅಲ್ಲಿಗೆ ಇಳಿದುಹೋಯಿತು.

ಆಗ ನಾನು ದೊಡ್ಡ ಗೊಣಗುದಾಸ. ಮನೆಗಿಷ್ಟು ಯೂನಿಟ್ ಉಚಿತ ಎಂದು ಸರ್ಕಾರ ಹೇಳಿದಾಗ ಟೀ ಅಂಗಡಿಯಲ್ಲಿ ಕೂತು, "ದುಡ್ಡು ಕೊಡೋರೂ ಬೈತಾರೆ, ಕೊಡದೋರೂ ಬೈತಾರೆ. ಎಲ್ಲರ ಕೈಗೂ ಫೋನ್ ಬಂದು ದೇಶ ಕೆಟ್ಟೋಯ್ತು" ಎಂದು ಭಾಷಣ ಮಾಡುತ್ತಿದ್ದೆ. ನನ್ನಂಥವರು ಅಲ್ಲಿ ಇನ್ನೂ ನಾಲ್ಕು ಜನ ಇದ್ದರು, ತಲೆಯಾಡಿಸುತ್ತಿದ್ದರು.

ಫೋನ್ ಬಾರದ ಜಾಗ ಒಂದೇ ಉಳಿದಿತ್ತು. ಕಾಡಂಚಿನಲ್ಲಿ ಜೇನುಕುರುಬರ ಒಂದು ಹಾಡಿ. ಕೆಲವರಿಗೆ ರಾಗಿ ಬೆಳೆಯುವ ಚೂರು ಹೊಲ, ಮಿಕ್ಕವರಿಗೆ ಕೂಲಿ, ಕಾಡಿನ ಕೆಲಸ. ರೆಸಾರ್ಟಿಗೆ ಹೋಗುವ ಲೈನು ಎಷ್ಟೋ ವರ್ಷ ಅವರ ತಲೆಯ ಮೇಲೇ ಹಾದುಹೋಗುತ್ತಿತ್ತು, ಅವರ ಮನೆಗಳಲ್ಲಿ ಮಾತ್ರ ಸೀಮೆಎಣ್ಣೆ ಬುಡ್ಡಿ. ಕೊನೆಗೂ ಟ್ರಾನ್ಸ್‌ಫಾರ್ಮರ್ ಬಂತು, ದೀಪ ಬಂತು. ಒಂದು ಸಲ ಅದು ಸುಟ್ಟು ಎಷ್ಟೋ ದಿನ ಕತ್ತಲಾಗಿದ್ದರೂ ನಮಗೆ ಸುದ್ದಿಯೇ ಇಲ್ಲ. ನಮ್ಮ ಲೈನ್‌ಮನ್ ಮಾದೇವ ಬೇರೆ ಕೆಲಸಕ್ಕೆ ಹೋದವನು ನೋಡಿ, "ಯಾಕ್ರಪ್ಪಾ ಯೋಳ್ನಿಲ್ಲ?" ಎಂದು ಕೇಳಿದನಂತೆ. "ಯೋಳುದ್ರೆ ಯಾರ್ ಕೇಳ್ತಾರೆ?" ಎಂದರಂತೆ. ಅಲ್ಲಿಂದ ದೂರು ಬಾರದಿದ್ದುದರಿಂದ ಅಲ್ಲಿ ಎಲ್ಲ ಸರಿಯಾಗಿದೆ ಎಂದು ಆಫೀಸಿನಲ್ಲಿ ಎಲ್ಲರೂ ತಿಳಿದಿದ್ದೆವು.

ಈಗ ಆ ದಿನದ ವಿಷಯ. ನಾನು ನಿವೃತ್ತನಾಗುವ ವರ್ಷ, ಮುಂಗಾರಿಗೆ ಮುಂಚೆ. ಆ ಸಮಯದಲ್ಲಿ ತಂತಿಗೆ ತಾಗುವ ಕೊಂಬೆಗಳನ್ನು ಕಡಿಸುತ್ತೇವೆ. ಮಾದೇವ ಬೆಳಿಗ್ಗೆ ಫೋನ್ ಮಾಡಿ ಕಾಡಂಚಿನ ಲೈನಿಗೆ ಲೈನ್ ಕ್ಲಿಯರ್ ತೆಗೆದುಕೊಂಡ. ನಾನು ಸ್ವಿಚ್ ತೆಗೆದು, ಹಿಡಿಗೆ 'ಮನುಷ್ಯರು ಕೆಲಸ ಮಾಡುತ್ತಿದ್ದಾರೆ' ಎಂಬ ಬೋರ್ಡು ನೇತುಹಾಕಿದೆ. ಕೊಂಬೆ ಕಡಿಯಲು ಮಾದೇವ ಹಾಡಿಯಿಂದ ಕೂಲಿಗೆ ಕರೆದುಕೊಂಡಿದ್ದವರಲ್ಲಿ ಬೊಳ್ಳ ಎಂಬವನಿದ್ದ. ಮರ ಹತ್ತುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಮಾದೇವ ಯಾವಾಗಲೂ ಹೇಳುತ್ತಿದ್ದ.

ಅದೇ ಲೈನಿನ ಇನ್ನೊಂದು ಊರಿನಲ್ಲಿ ಆ ದಿನ ಸಮಾರಂಭ. ಶುದ್ಧ ಕುಡಿಯುವ ನೀರಿನ ಘಟಕದ ಉದ್ಘಾಟನೆಗೆ ದೊಡ್ಡವರು ಬರುವವರಿದ್ದರು. ಅಲ್ಲಿಯ ಸ್ಥಳೀಯ ಲೀಡರ್ ಒಬ್ಬ ಬೆಳಿಗ್ಗೆಯಿಂದ ನನ್ನ ಪ್ರಾಣ ತಿನ್ನುತ್ತಿದ್ದ. "ಮೈಕ್ ಆಯ್ತಾ ಇಲ್ಲ ಕಣ್ರೀ, ಯಾವಾಗ್ ಬುಡ್ತೀರ?" ಲೈನ್ ಮೇಲೆ ಜನ ಇದ್ದಾರೆ ಎಂದು ಎಷ್ಟು ಸಲ ಹೇಳಿದರೂ ಮತ್ತೆ ಅದೇ ಪ್ರಶ್ನೆ.

ಮಧ್ಯಾಹ್ನದ ಹೊತ್ತಿಗೆ ಮಾದೇವನ ಫೋನು ಬಂತು. "ಎಲ್ಲಾ ಇಳುದ್ರು ಸಾ. ನಾನೇ ನಿಂತ್ಕಂಡು ನೋಡುದ್ದೀನಿ. ಲೈನ್ ಕ್ಲಿಯರ್ ವಾಪಸ್ಸು. ಚಾರ್ಜ್ ಮಾಡಿ, ಕರೆಂಟ್ ಬುಡಿ." ಅವನದೇ ದನಿ. ಚುಂಚನಕಟ್ಟೆಯ ಸಾಹೇಬರು ಹೇಳಿದ ನಿಯಮದಂತೆ ಎಲ್ಲ ಸರಿ. ನಾನು ಬರೆದುಕೊಂಡು ಮೇಲಿನ ಆಫೀಸಿಗೆ ತಿಳಿಸುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಆಮೇಲೆ ಬೋರ್ಡು ತೆಗೆದೆ, ಸ್ವಿಚ್ಚಿನ ಹಿಡಿಯ ಮೇಲೆ ಕೈ ಇಟ್ಟೆ. ಅಷ್ಟರಲ್ಲಿ ಮೊಬೈಲಿನಲ್ಲಿ ಲೀಡರ್, ಆಫೀಸಿನಲ್ಲಿ ಯಾರನ್ನೋ ಕೇಳಿ ತಿಳಿದುಕೊಂಡಿದ್ದ. "ಲೈನ್‌ಮನ್ ವಾಪಸ್ ಕೊಟ್ನಂತಲ್ಲಾ, ಇನ್ನೂ ಯಾನ್ ಕಿಸೀತಾ ಇದ್ದೀರಿ ಅಲ್ಲಿ? ಸಂಬಳ ತಕ್ಕಂಡ್ ನಿದ್ದೆ ಮಾಡ್ತೀರಾ?"

ನನಗೆ ಸಿಟ್ಟು ನೆತ್ತಿಗೇರಿತು. ಅದೇ ಕ್ಷಣದಲ್ಲಿ ಮೇಜಿನ ಮೇಲಿನ ಫೋನೂ ಹೊಡೆದುಕೊಂಡಿತು. ಸ್ವಿಚ್ ಮೇಲೆ ಕೈಯಿದ್ದಾಗ ಬೇರೆ ಫೋನ್ ಎತ್ತುವವನಲ್ಲ ನಾನು. ಆದರೆ ಅವನ ಮಾತನ್ನು ಅರ್ಧಕ್ಕೆ ಕತ್ತರಿಸುವ ನೆಪ ಸಿಕ್ಕಿತಲ್ಲ ಎಂದು, "ಇರಿ ಸ್ವಾಮಿ, ನಿಮಗಿಂತ ಅರ್ಜೆಂಟ್ ಇರೋರು ಮಾಡ್ತಾವ್ರೆ" ಎಂದು ಮೊಬೈಲನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಬೇಕೆಂದೇ ಅದನ್ನು ಎತ್ತಿದೆ.

"ಸಾ, ಕರೆಂಟ್ ಬುಡಬ್ಯಾಡಿ! ಬುಡಬ್ಯಾಡಿ ಸಾ!"

ಹೆಂಗಸಿನ ದನಿ. ಏದುಸಿರು. "ಯಾರಮ್ಮಾ ನೀನು?" ಎಂದೆ.

"ನಾನ್ ಯಾರಾದ್ರೇನ್ ಸಾ, ಮರದ್ ಮ್ಯಾಲೆ ನಮ್ಮೋರು ಅವ್ರೆ. ತಿರ್ಗಾ ಹತ್ತವ್ರೆ. ಕೊಂಬೆ ಒಂದ್ ತಂತಿ ಮ್ಯಾಲೇ ಕುಂತ್ಬುಟ್ಟಿತ್ತು, ಎಳೀತೀನಿ ಅಂತ ಹತ್ತವ್ರೆ. ಮಾದೇವಣ್ಣ ಗಾಡೀಲಿ ಹೊಂಟೋದ್ರು, ಫೋನ್ ಎತ್ತಾ ಇಲ್ಲ."

ನನ್ನ ಕೈ ಹಿಡಿಯಿಂದ ತಾನಾಗಿಯೇ ಕೆಳಗೆ ಬಂತು. ಇನ್ನೊಂದು ಕಿವಿಯಲ್ಲಿ ಲೀಡರ್ ಕೂಗುತ್ತಲೇ ಇದ್ದ. "ಬುಡ್ತೀರೋ ಇಲ್ವೋ? ಟ್ರಾನ್ಸ್‌ಫರ್ ಮಾಡುಸ್ತೀನಿ ಕಣ್ರೀ ನಿಮ್ನ." ನಾನು, "ಮಾಡ್ಸಿ, ಕಾಶ್ಮೀರಕ್ಕಾದ್ರೂ ಮಾಡ್ಸಿ. ಬಿಡಲ್ಲ" ಎಂದು ಮೊಬೈಲನ್ನು ಮೇಜಿನ ಮೇಲೆ ಮಗುಚಿ ಹಾಕಿದೆ.

ಬೋರ್ಡನ್ನು ಮತ್ತೆ ಹಿಡಿಗೆ ನೇತುಹಾಕಿದೆ. ಫೋನಿನಲ್ಲಿ ಆಕೆ ಗಂಡನನ್ನು ಕೂಗುವುದು ಕೇಳುತ್ತಿತ್ತು. ದೂರದಿಂದ ಅವನು ಏನೋ ಉತ್ತರ ಕೊಡುತ್ತಿದ್ದ. ಕರೆಂಟು ಬಂದರೆ ಆ ಕೊಂಬೆ ಸುಟ್ಟು ಲೈನು ಮತ್ತೆ ನಿಲ್ಲುತ್ತದೆ, ಮಾದೇವಣ್ಣನಿಗೆ ಮತ್ತೆ ತಿರುಗಾಟ, ಒಂದು ನಿಮಿಷದ ಕೆಲಸ ಎಂದು ಅವನ ಲೆಕ್ಕ. ನಮ್ಮ ಕೆಲಸ ಉಳಿಸಲು ಹತ್ತಿದ್ದ. "ಇಳೀ ಅಂತೀನಿ!" ಎಂದು ಆಕೆ ಬೈದ ಬೈಗುಳವನ್ನು ಇಲ್ಲಿ ಬರೆಯಲಾಗದು. ಆಮೇಲೆ ಎಲೆ ಸರಸರ ಎಂದ ಸದ್ದು.

"ಇಳುದ್ರು ಸಾ."

"ಅವರ ಕೈಗೆ ಕೊಡವ್ವಾ ಫೋನ" ಎಂದೆ.

"ಸಾ... ನಾನ್ ಬೊಳ್ಳ" ಎಂದ. ಅವನಿಗೆ ನನ್ನಿಂದ ಬೈಗುಳ ಬೀಳುತ್ತದೆ ಎಂಬ ಭಯ. "ಮರದಿಂದ ದೂರ ಹೋಗಪ್ಪಾ" ಎಂದಷ್ಟೇ ಹೇಳಿದೆ.

ಹಾಗಿದ್ದರೂ ಕರೆಂಟು ಬಿಡಲಿಲ್ಲ. ಮಾದೇವನಿಗೆ ಫೋನ್ ಮಾಡಿ ಮಾಡಿ, ಅವನು ಸಿಕ್ಕಿ, ವಿಷಯ ಕೇಳಿ ಗಾಡಿ ತಿರುಗಿಸಿ, ಹೋಗಿ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡ ಮೇಲೆ ಬಿಟ್ಟೆ. ಮಾದೇವ ಫೋನಿನಲ್ಲಿ ಅತ್ತೇಬಿಟ್ಟ. "ನಾನ್ ನೋಡೇ ಹೊಂಟಿದ್ದೆ ಸಾ, ದೇವ್ರಾಣೆ." ಅವನು ಹೇಳಿದ್ದು ನಿಜ. ತಪ್ಪು ಅವನದಲ್ಲ, ನನ್ನದೂ ಅಲ್ಲ. ನಮ್ಮ ನಿಯಮಕ್ಕೆ ಅಂಥ ಒಂದು ಕಿಂಡಿ ಇರಬಹುದೆಂದು ಯಾರಿಗೂ ಗೊತ್ತಿರಲಿಲ್ಲ ಅಷ್ಟೇ. ನಾನು ಹೊರಗೆ ಬಂದು ಹೊಂಗೆ ಮರದ ಕೆಳಗೆ ಕೂತೆ. ಬದುಕಿದೆ, ಬದುಕಿಕೊಂಡೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬದುಕಿಕೊಂಡವನು ಬೊಳ್ಳ ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಸಮಾರಂಭಕ್ಕೆ ಅವರು ಜನರೇಟರ್ ತರಿಸಿದ್ದರಂತೆ. ಮೈಕು ಚೆನ್ನಾಗಿ ಕೇಳಿಸಿತಂತೆ. ನನ್ನನ್ನು ಯಾರೂ ಎಲ್ಲಿಗೂ ವರ್ಗ ಮಾಡಲಿಲ್ಲ.

ಆ ಹೆಣ್ಣುಮಗಳು ಜಯಾ, ಬೊಳ್ಳನ ಹೆಂಡತಿ. ಕಡಿದ ಕೊಂಬೆಯ ಸೌದೆ ಆಯಲು ಬಂದಿದ್ದಳು. ಗಂಡ ಮತ್ತೆ ಹತ್ತಿದ್ದನ್ನು ನೋಡಿ, ಮಾದೇವ ಸಿಗದೆ, ಹಾಡಿಯ ಶಾಲೆಯ ಗೋಡೆಗೆ ಓಡಿ ಅಲ್ಲಿದ್ದ ನಂಬರು ಒತ್ತುತ್ತಾ ವಾಪಸ್ಸು ಓಡಿ ಬಂದಿದ್ದಳು. ನನ್ನ ನೆಮ್ಮದಿ ಕೆಡಿಸಿತೆಂದು ರತ್ನಮ್ಮನವರ ಮೇಲೆ ಕೆಂಡ ಕಾರಿದ್ದೆನಲ್ಲ, ಅದೇ ನಂಬರು. ಮಾರನೆಯ ದಿನ ರತ್ನಮ್ಮನವರಿಗೆ ಫೋನ್ ಮಾಡಿ, ಮಳೆಗೆ ಅಕ್ಷರ ಅಳಿಸಿಹೋಗಿದ್ದರೆ ಮತ್ತೆ ಬರೆಸಿ ಎಂದೆ. "ಯಾಕ್ ಸಾರ್, ಹುಷಾರಾಗಿದ್ದೀರಾ?" ಎಂದು ಕೇಳಿದರು.

ಕೆಲಸಕ್ಕೆ ಸೇರುವವರಿಗೆ ಹೇಳಬೇಕಾದ್ದು ಇದು. ನಿಯಮ ಬಿಡಬೇಡಿ, ಹತ್ತಿದವನ ದನಿ ಕೇಳಿಯೇ ಬಿಡಿ. ಆದರೆ ಕೆಳಗೆ ನಿಂತು ನೋಡುತ್ತಿರುವವರ ದನಿಯನ್ನೂ ಕೇಳಿ. ಕಾಲ ಕೆಟ್ಟಿತು ಎಂಬ ನನ್ನ ಭಾಷಣ ಆ ದಿನದಿಂದ ನಿಂತಿತು. ಫೋನಿನಲ್ಲಿ ಜನ ಒರಟಾಗಿದ್ದಾರೆ, ಅದು ನಿಜ. ರಾಜಕೀಯದವರ ಕಾಟ ಹೆಚ್ಚಾಗಿದೆ, ಅದೂ ನಿಜ. ಕೊಳ್ಳುವುದು, ಬಳಸುವುದು, ಅವಸರ ಎಲ್ಲ ಮಿತಿಮೀರಿದೆ. ಆದರೂ ಗೌಡರಂಥವರ ಮನೆಯಿಂದ ಮಾತ್ರ ಫೋನ್ ಬರುತ್ತಿದ್ದ ಆ ಕಾಲದಲ್ಲೇ ಬೊಳ್ಳ ಮರ ಹತ್ತಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ, ಇಂದಿನ ಗಲಾಟೆಯೇ ನನಗೆ ಹಿತವಾಗಿ ಕಾಣುತ್ತದೆ.

ನಿವೃತ್ತಿಗೆ ಇನ್ನೇನು ಕೆಲವೇ ದಿನ ಇದ್ದಾಗ, ಒಂದು ಸಂಜೆ ಮಳೆ ನಿಂತ ಮೇಲೆ ಮೇಜಿನ ಫೋನು ಹೊಡೆದುಕೊಂಡಿತು. ದನಿ ಗುರುತು ಹತ್ತಿತು.

"ಏನ್ ಸಾ, ಬೆಳಿಗ್ಗೆಯಿಂದ ಕರೆಂಟಿಲ್ಲ ನಮ್ ಹಾಡೀಲಿ. ರೆಸಾರ್ಟ್‌ನಲ್ಲಿ ಉರೀತಾ ಅದೆ, ಇಲ್ಲಿಂದ್ಲೇ ಕಾಣ್ತದೆ. ನಮ್ಗಾದ್ರೆ ಕತ್ಲಾದ್ರೂ ಆಯ್ತದಾ? ಮಕ್ಳು ಓದದ್ ಬ್ಯಾಡ್ವಾ? ಯಾರ್ನಾರಾ ಕಳುಸ್ತೀರೋ, ನಾವೇ ಅಲ್ಲಿಗ್ ಬರ್ಬೇಕೋ?"

ಇಷ್ಟು ವರ್ಷದಲ್ಲಿ ನಾನು ತಿಂದ ಬೈಗುಳಕ್ಕೆ ಲೆಕ್ಕವಿಲ್ಲ. ಆ ಹಾಡಿಯಿಂದ ಬಂದದ್ದು ಅದೇ ಮೊದಲು. ನಡುವೆ ಬಾಯಿ ಹಾಕದೆ, ಆಕೆ ಉಸಿರು ತೆಗೆದುಕೊಳ್ಳುವವರೆಗೂ ಕೇಳಿದೆ.

"ಇನ್ನೂ ಏನಾದ್ರೂ ಅದೆಯೇನವ್ವಾ?" ಎಂದು ಕೇಳಿದೆ.

"ಅದೆ ಸಾ," ಎಂದಳು ಜಯಾ, "ಬೀದಿ ದೀಪ."